ಹನ್ನೊಂದು ಲಂಗರಿನ ಊರು

ನಮ್ಮ ಮನೆಗೆ ಲಂಗರು ಇರಲಿಲ್ಲ. ಊರಿನಲ್ಲಿ ಲಂಗರು ಇದ್ದದ್ದು ಹನ್ನೊಂದು ಮನೆಗಳಿಗೆ ಮಾತ್ರ. ಉಳಿದ ನಾವೆಲ್ಲ ಪ್ರತಿ ಶ್ರಾವಣದ ನೂಲಹುಣ್ಣಿಮೆಯ ಮಧ್ಯಾಹ್ನ ನೀರು ಹೊಸ್ತಿಲಿಗೆ ಬಂದಾಗ ಒಲೆ ಆರಿಸಿ, ಕೋಳಿಗಳನ್ನು ಅಟ್ಟಕ್ಕೆ ಏರಿಸಿ, ಬಾಗಿಲು ತೆರೆದಿಟ್ಟು ಕೂರುತ್ತಿದ್ದೆವು. ಮೊದಲು ನೆಲ ಒಮ್ಮೆ ಗೊಣಗುತ್ತಿತ್ತು. ಆಮೇಲೆ ಮನೆ ಏಳುತ್ತಿತ್ತು, ಎಮ್ಮೆ ಎದ್ದ ಹಾಗೆ, ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಎದ್ದ ಮನೆಗಳೆಲ್ಲ ಕೊಲ್ಲಿಯೊಳಗೆ ಒಂದು ಸುತ್ತು ತೇಲಿ, ನೀರು ಇಳಿಯುವಾಗ ಎಲ್ಲಿಗೆ ಹೋಗಿ ಮುಟ್ಟಿದ್ದವೋ ಅಲ್ಲೇ ಮರಳಿನ ಮೇಲೆ ಕೂರುತ್ತಿದ್ದವು. ಮುಂದಿನ ನೂಲಹುಣ್ಣಿಮೆಯವರೆಗೆ ಅದೇ ನಮ್ಮ ಜಾಗ. ಹುಲ್ಲಿನ ಮನೆಯೂ ತೇಲುತ್ತಿತ್ತು, ಮುರಕಲ್ಲಿನ ಮನೆಯೂ ತೇಲುತ್ತಿತ್ತು. ಕಲ್ಲು ಹೇಗೆ ತೇಲುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಊರಿನವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇರುತ್ತಿತ್ತು.

ಊರಿನ ಚರಿತ್ರೆ ಎಂದರೆ ಯಾರ ಮನೆ ಯಾವ ವರ್ಷ ಎಲ್ಲಿತ್ತು ಎಂಬುದೇ. ಇಸವಿ ಗಿಸವಿ ಯಾರಿಗೂ ಬೇಕಾಗಿರಲಿಲ್ಲ. ಪೊಲೀಸ್ ಚೌಕಿ ಸೇಂದಿ ಅಂಗಡಿಯ ಹಿತ್ತಲಿಗೆ ಬಂದು ಕೂತ ವರ್ಷ ಊರಿನಲ್ಲಿ ಒಂದೂ ಕೇಸು ಆಗಲಿಲ್ಲ. ಶಾಲೆ ಸ್ಮಶಾನದಲ್ಲಿ ಕೂತ ವರ್ಷ ಮಕ್ಕಳ ಹಾಜರಿ ಯಾವತ್ತೂ ಇಲ್ಲದಷ್ಟು ಇತ್ತು, ಮಾಸ್ತರರದ್ದು ಮಾತ್ರ ಕಡಿಮೆ. ನಾನು ಹುಟ್ಟಿದ್ದು ಮಸೀದಿಯೂ ಇಗರ್ಜಿಯೂ ಬೆನ್ನಿಗೆ ಬೆನ್ನು ಕೊಟ್ಟು ಕೂತ ವರ್ಷ. ಬಾಂಗಿಗೂ ಗಂಟೆಗೂ ಸರದಿ ಹಾಕಿಕೊಂಡಿದ್ದರಂತೆ. ಒಮ್ಮೆ ಒಬ್ಬ ಸರ್ವೆಯವನು ಬಂದು ಊರಿನ ನಕ್ಷೆ ಬರೆದುಕೊಂಡು ಹೋದ. ಮರುವರ್ಷ ಅದೇ ನಕ್ಷೆ ಹಿಡಿದು ಬಂದು ಪೋಸ್ಟಾಫೀಸು ಹುಡುಕುತ್ತ ಸೊಂಟದ ಮಟ್ಟದ ನೀರಿಗೆ ಇಳಿದ. ಎತ್ತಿ ತಂದು ಗಂಜಿ ಕೊಟ್ಟರು. ನಕ್ಷೆಯಲ್ಲಿ ಒಣಮೀನು ಕಟ್ಟಿ ಕೊಟ್ಟು ಕಳಿಸಿದರು.

ಲಂಗರುಗಳು ಬಂದದ್ದು ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲಿ. ಯಾರದೋ ಹಡಗುಗಳ ಸಾಲೊಂದು ಬಿರುಗಾಳಿಗೆ ಸಿಕ್ಕಿ ನಮ್ಮ ಕೊಲ್ಲಿಯ ಬಾಯಲ್ಲಿ ಒಡೆಯಿತು. ಬೆಳಿಗ್ಗೆ ಮೊದಲು ಎದ್ದ ಹನ್ನೊಂದು ಮಂದಿ ಹನ್ನೊಂದು ಲಂಗರು ಎಳೆದುಕೊಂಡು ಬಂದರು. ಆ ವರ್ಷ ಅವರ ಮನೆಗಳು ಸಿಹಿನೀರಿನ ಬಾವಿಯ ಸುತ್ತ ಕೂತಿದ್ದವು. ಲಂಗರು ಹಾಕಿದರು, ಮುಗಿಯಿತು. ಅಂದಿನಿಂದ ಅವು ಹುಣ್ಣಿಮೆಗೆ ಏಳುತ್ತವೆ, ಸರಪಳಿ ಬಿಗಿಯುತ್ತದೆ, ಎದ್ದಲ್ಲೇ ಇಳಿಯುತ್ತವೆ. ಮೊದಲು ಎದ್ದವರ ಮೊಮ್ಮಕ್ಕಳು ತಮ್ಮದು ದೊಡ್ಡ ಮನೆತನ ಎನ್ನತೊಡಗಿದರು. ಹೆಚ್ಚು ಹೊತ್ತು ಮಲಗಿದವರ ಮೊಮ್ಮಕ್ಕಳಾದ ನಾವು ಅವರ ಬಾವಿಗೆ ಕೊಡ ಹಿಡಿದು ದೂರದಿಂದ ನಡೆಯತೊಡಗಿದೆವು.

ತೇಲುವವರಿಗೂ ಒಂದು ಲಾಭ ಇತ್ತು, ಮದುವೆ. ಮನೆ ಕೂತ ದಿನ ಎರಡು ಮನೆಗಳ ಬಾಗಿಲು ಎದುರುಬದುರಾದರೆ ಆ ಮನೆಯ ಗಂಡಿಗೂ ಈ ಮನೆಯ ಹೆಣ್ಣಿಗೂ ಮದುವೆ ಮಾಡಬಹುದು. ಜಾತಿ, ದೇವರು, ವಯಸ್ಸು ಯಾವುದನ್ನೂ ಎತ್ತುವಂತಿಲ್ಲ. ಎದುರು ಬಾಗಿಲಾಗದಿದ್ದರೆ ಎಲ್ಲವನ್ನೂ ಎತ್ತಬಹುದು, ಎತ್ತುತ್ತಿದ್ದರು ಕೂಡ. ಎದುರು ಹೌದೋ ಅಲ್ಲವೋ ಎಂಬುದಕ್ಕೆ ಪರೀಕ್ಷೆ ಸುಲಭ. ಇಬ್ಬರೂ ತಮ್ಮ ತಮ್ಮ ಹೊಸ್ತಿಲ ಮೇಲೆ ಕೂರಬೇಕು. ಅವನು ಕೂತಲ್ಲಿಂದ ಅವಳ ಮುಖ ನೋಡಿ, "ಇವತ್ತು ಎಂತ ಸಾರು?" ಎಂದು ಕೇಳಬೇಕು. ಅವಳು ಏಳದೆ ಉತ್ತರ ಹೇಳಬೇಕು. ಉತ್ತರ ಅವನಿಗೆ ಕೇಳಿಸಿದರೆ ಆಯಿತು. ಮನೆಗೆ ಹುಟ್ಟು ಹಾಕುವುದು, ಗಳ ಊರುವುದು ಮಹಾ ಅಪಚಾರ. ಆದರೆ ಸ್ವಂತ ಮನೆಯೊಳಗೆ ಯಾರು ಯಾವ ಮೂಲೆಯಲ್ಲಿ ಕೂರಬೇಕು ಎಂದು ಕೇಳುವವರು ಯಾರು? ಹುಡುಗಿ ಇರುವ ಮನೆಗಳಲ್ಲಿ ನೂಲಹುಣ್ಣಿಮೆಯ ದಿನ ನೆಂಟರಿಷ್ಟರು, ಕುಂಬಳಕಾಯಿ, ಅಕ್ಕಿಮುಡಿ ಎಲ್ಲ ಒಂದೇ ಮೂಲೆಯಲ್ಲಿ ರಾಶಿ ಬಿದ್ದು, ಮನೆ ಭಾರ ಬಿದ್ದ ಕಡೆಗೆ ಸೊಟ್ಟಗೆ ತೇಲುತ್ತಿತ್ತು.

ನನ್ನ ಅಪ್ಪನ ತಂಗಿ ಬಚ್ಚಿ ಅತ್ತೆಗೂ ಪೋಸ್ಟ್‌ಮನ್ ಇನಾಸನಿಗೂ ಹದಿನಾಲ್ಕು ವರ್ಷದಿಂದ ಬಾಗಿಲು ಕೂಡಿರಲಿಲ್ಲ. ಇನಾಸ ಅವನ ಅಕ್ಕ ನಾತಾಲ್ ಬಾಯಿಯ ಜೊತೆ ಇದ್ದ. ಅವರ ಜಗುಲಿಯೇ ಪೋಸ್ಟಾಫೀಸು. ಅವನಿಗೆ ನಮ್ಮ ಮನೆಗೆ ಕೊಡಲು ಕಾಗದ ಇರುತ್ತಿರಲಿಲ್ಲ, ನಮಗೆ ಬರೆಯುವವರು ಯಾರೂ ಇರಲಿಲ್ಲ. ಆದರೂ ದಿನಾ ಬಂದು, "ಇವತ್ತು ನಿಮಗೆ ಏನೂ ಇಲ್ಲ" ಎಂದು ಹೇಳಿ ಹೋಗುತ್ತಿದ್ದ. ಬಚ್ಚಿ ಅತ್ತೆ, "ನಾಳೆ ನೋಡಿ" ಎನ್ನುತ್ತಿದ್ದಳು. ಹದಿನಾಲ್ಕು ವರ್ಷ ಇದೇ ಮಾತು. ಒಂದು ವರ್ಷ ಎರಡೂ ಮನೆಗಳು ಅಕ್ಕಪಕ್ಕ ಕೂತವು, ಒಂದು ವರ್ಷ ಬೆನ್ನಿಗೆ ಬೆನ್ನು. ಇನ್ನೊಂದು ವರ್ಷ ಎರಡು ಮನೆಯವರೂ ಉತ್ಸಾಹದಿಂದ ಒಬ್ಬರ ಕಡೆಗೆ ಒಬ್ಬರು ಭಾರ ಹಾಕಿಕೊಂಡು, ಕೊಲ್ಲಿಯ ನಡುವೆ ಎದುರಾಗಿ, ನಿಲ್ಲಿಸಲಾಗದೆ ಒಬ್ಬರನ್ನೊಬ್ಬರು ದಾಟಿ ಹೋದರು. ಬಚ್ಚಿ ಅತ್ತೆ ಅವನ ಜಾಗದಲ್ಲಿ, ಅವನು ಅವಳ ಜಾಗದಲ್ಲಿ. ದಾಟುವಾಗ ನಾತಾಲ್ ಬಾಯಿ ಕಿಟಕಿಯಿಂದ, "ಬ್ರೇಕ್ ಹಾಕಿ ಮಾರಾಯ್ರೆ, ಬ್ರೇಕ್!" ಎಂದು ಕೂಗಿದ್ದು ಇವತ್ತಿಗೂ ಊರಿನ ಗಾದೆ. ಅದರ ಮೇಲೆ ಒಪ್ಪಂದವಾಯಿತು. ಇನಾಸನ ಮನೆಯವರು ಭಾರ ಹಾಕುವುದಿಲ್ಲ, ನಾವು ಮಾತ್ರ ಈಗ ಅವನಿದ್ದ ಪಡುವಣಕ್ಕೆ ಭಾರ ಹಾಕುವುದು. ನಾವು ಹಾಕಿದೆವು. ಮನೆ ಮೂಡಣಕ್ಕೇ ಹೋಯಿತು. ಪ್ರತಿ ವರ್ಷ ಹೋಯಿತು. ಅಪ್ಪ, "ಈ ಮನೆಗೆ ಹಟ" ಎಂದು ಕಂಬಕ್ಕೆ ಒದೆಯುತ್ತಿದ್ದ.

ಈಗ ನಾನು ಹೇಳುತ್ತಿರುವುದು ಕೊನೆಯ ತೇಲಿನ ಕತೆ. ಕೊನೆಯದು ಯಾಕೆಂದರೆ ಕೊಲ್ಲಿಯ ಬಾಯಿಗೆ ಸರ್ಕಾರದಿಂದ ಬಂಡೆಗೋಡೆ ಬರುತ್ತಿತ್ತು. ತಂದದ್ದು ಲಂಗರಿನವರಲ್ಲಿ ಹಿರಿಯರಾದ ಶೇಷಗಿರಪ್ಪ. ಪ್ರತಿ ವರ್ಷ ಯಾರದಾದರೂ ಹುಲ್ಲುಮನೆ ತೇಲಿ ಬಂದು ತಮ್ಮ ಮುರಕಲ್ಲಿನ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ನಾಗರಿಕತೆ ಎಂದರೆ ಮನೆ ಒಂದು ಕಡೆ ಇರುವುದು ಎಂದು ಅವರು ಅರ್ಜಿ ಬರೆದಿದ್ದರು. ಗೋಡೆ ಮುಕ್ಕಾಲು ಆಗಿತ್ತು. ದೀಪಾವಳಿಯ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ, ಆಮೇಲೆ ನೀರು ಒಳಗೆ ಬರುವುದಿಲ್ಲ. ಈ ಹುಣ್ಣಿಮೆಗೆ ಎಲ್ಲಿ ಕೂತೆವೋ ಅಲ್ಲೇ ಶಾಶ್ವತ. ಈ ಸಲ ಬಾಗಿಲು ಕೂಡದಿದ್ದರೆ ಬಚ್ಚಿ ಅತ್ತೆಗೆ ಇನಾಸ ಇಲ್ಲ. ಅವಳಿಗಾಗ ಮೂವತ್ತೆಂಟು. ಅಳುವ ಜಾತಿಯವಳಲ್ಲ. ಮೀನು ಹೆಚ್ಚುವಾಗ ಮಾತ್ರ ಕತ್ತಿಯ ಸದ್ದು ಜೋರಾಗಿತ್ತು.

ಆ ಬೆಳಿಗ್ಗೆ ಅಪ್ಪ ನಮ್ಮನ್ನೆಲ್ಲ ಪಡುವಣ ಮೂಲೆಗೆ ಒಟ್ಟುಮಾಡತೊಡಗಿದ. ಅಮ್ಮ, ನಾನು, ಅಕ್ಕಿಮುಡಿ, ಬಲೆಯ ಮೂಟೆ. ಮಾಸ್ತಿ ಅಜ್ಜಿ ಮಾತ್ರ ಯಾವಾಗಿನಂತೆ ಮೂಡಣ ಮೂಲೆಯ ಮಂಚದ ಮೇಲೆ ಮಲಗಿದ್ದಳು. ಅವಳು ಬಚ್ಚಿ ಅತ್ತೆಯ ತಾಯಿ, ಅಪ್ಪನಿಗೂ ತಾಯಿ. "ನನಗೆ ಏಳ್ಲಿಕ್ಕಾಗ್ತದಾ? ನಾನೊಂದು ಹಿಡಿ ಮೂಳೆ. ನನ್ನಿಂದ ಎಂತ ಭಾರ ಆಗ್ತದೆ?" ಎಂದಳು. ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದಳು. ಈ ಸಲ ಅಪ್ಪ, "ಸೀತು, ಮಂಚ ಸಮೇತ ಎತ್ತು" ಎಂದು ನನಗೆ ಹೇಳಿದ. ನಾನು ಮಂಚದ ಕಾಲು ಹಿಡಿದು ಎಳೆದೆ. ಅಲುಗಲಿಲ್ಲ. ಕೆಳಗೆ ಬಗ್ಗಿ ಚಾಪೆ ಸರಿಸಿದೆ. ದೋಣಿಗೆ ಭಾರಕ್ಕೆ ಇಡುವ ಕಲ್ಲುಗಳು, ಸಾಲಾಗಿ, ಒತ್ತೊತ್ತಾಗಿ, ಪಾಚಿ ಒಣಗಿ ಬೆಳ್ಳಗಾದವು. ಅವಕ್ಕೂ ಮಂಚದ ಕಾಲಿಗೂ ಸೇರಿಸಿ ಹಗ್ಗ ಬಿಗಿದಿತ್ತು.

"ಅಜ್ಜೀ, ಇದೆಂತ?"

"ಬೆನ್ನಿಗೆ ತಂಪು" ಎಂದಳು ಅಜ್ಜಿ.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಕಂಬದ ಕಡೆ ನೋಡಿದ, ಸುಮ್ಮನೆ ಒದೆ ತಿಂದ ಕಂಬ. ಬಚ್ಚಿ ಅತ್ತೆ ಬಂದು ಕಲ್ಲುಗಳನ್ನು ನೋಡಿದಳು. "ಹದಿನಾಲ್ಕು ವರ್ಷ, ಅವ್ವಾ" ಎಂದಳು. ಅಷ್ಟೇ.

"ನೀನು ಹೋದರೆ ನನಗೆ ನೀರು ತರೂದು ಯಾರು?" ಅಜ್ಜಿ ಎದ್ದು ಕೂತಳು. ಏಳಲಿಕ್ಕಾಗುವುದಿಲ್ಲ ಎಂದವಳು. "ನಿನ್ನ ಅತ್ತಿಗೆ ತರೂದಾ? ಅವಳು ತಂದ ಕೊಡದಲ್ಲಿ ಅರ್ಧ ದಾರಿಗೆ ಬೀಳ್ತದೆ. ಮದುವೆ ಆದ ವರ್ಷ ಎದುರು ಇರ್ತೀ ಸೈ, ಮರುವರ್ಷ ಅವನ ಮನೆ ಯಾವ ದಿಕ್ಕಿಗೋ. ನಾನು ಬಾಯಾರಿ ಸಾಯೂದಾ?"

"ಮರುವರ್ಷ ಇಲ್ಲ ಅವ್ವಾ. ಗೋಡೆ ಬಂತಲ್ಲ. ಇನ್ನು ಎದುರು ಕೂತ ಮನೆ ಎದುರೇ ಇರೂದು. ನಾನು ಸಾಯೂ ತನಕ ನಿನ್ನ ಬಾಗಿಲ ಎದುರು. ಕೂಗಿದರೆ ಕೇಳೂವಷ್ಟು ದೂರ."

ಗೋಡೆಯ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಆದರೆ ಗೋಡೆ ಬಂದರೆ ಎದುರುಮನೆ ಎದುರೇ ಉಳಿಯುತ್ತದೆ ಎಂದು ನಮ್ಮ ಊರಿನವರ ತಲೆಗೆ ತಟ್ಟನೆ ಹೋಗುವುದಿಲ್ಲ. ಮನೆ ಎಂದರೆ ಹೋಗುವುದು ಎಂದೇ ನಮ್ಮ ಲೆಕ್ಕ. "ಇಲ್ಲೇ ಇರ್ತದಾ? ಯಾವಾಗಲೂ?" ಎಂದಳು ಅಜ್ಜಿ.

"ಮತ್ತೆಲ್ಲಿಗೆ ಹೋಗ್ತದೆ?"

"ಇದನ್ನು ಮೊದಲೇ ಹೇಳೂದಲ್ವಾ ಹಡಬೆಗಳಾ!" ಎಂದು ಅಜ್ಜಿ ಮಂಚದಿಂದ ಜಿಗಿದಳು. ಸುಳ್ಳಲ್ಲ, ಜಿಗಿದಳು. ಹಗ್ಗ ಬಿಚ್ಚಿ ಒಂದೊಂದೇ ಕಲ್ಲನ್ನು ತಾನೇ ಉರುಳಿಸಿಕೊಂಡು ಪಡುವಣ ಮೂಲೆಗೆ ಹೋದಳು. ಕೊನೆಯ ಕಲ್ಲಿನ ಮೇಲೆ ಒನಕೆ ಹಿಡಿದು ಕೂತು, "ಎಲ್ಲಿ, ಬರಲಿ ಸಮುದ್ರ" ಎಂದಳು.

ಬಂತು. ನೆಲ ಗೊಣಗಿತು, ಮನೆಯ ಹಿಂಭಾಗ ಎದ್ದಿತು, ಮುಂಭಾಗ ಎದ್ದಿತು, ಅಷ್ಟು ವರ್ಷ ಹಟ ಮಾಡಿದ ಮನೆ ಒಮ್ಮೆಲೇ ಪಡುವಣಕ್ಕೆ ಓಡಿತು. ನಾವು ಒಬ್ಬರ ಮೇಲೆ ಒಬ್ಬರು ಬಿದ್ದು ನಗತೊಡಗಿದೆವು. ಕೊಲ್ಲಿಯ ತುಂಬ ಮನೆಗಳು. ಕೊನೆಯ ತೇಲು ಎಂದು ಎಲ್ಲರೂ ಮೈಮರೆತಿದ್ದರು. ಜನ ಮಾಡಿನ ಮೇಲೆ ಹತ್ತಿ ಕೂತಿದ್ದರು. ಶಾಲೆ ಗಂಟೆ ಬಾರಿಸುತ್ತ ಹೋಗುತ್ತಿತ್ತು, ಬಾರಿಸುವವರು ಯಾರೂ ಇಲ್ಲದೆ, ಕೊನೆಗೆ ಗಂಟೆಯೇ ಕಳಚಿ ನೀರಿಗೆ ಬಿತ್ತು. ಸೇಂದಿ ಅಂಗಡಿಯವನು ದಾಟುವ ಪ್ರತಿ ಮನೆಯ ಕಿಟಕಿಗೂ ಒಂದೊಂದು ಲೋಟ ಚಾಚುತ್ತಿದ್ದ. ಚೌಕಿಯ ಪೊಲೀಸ ಎರಡು ಸಲ ತೆಗೆದುಕೊಂಡ. ದೂರದಲ್ಲಿ ಇನಾಸನ ಮನೆ, ಭಾರ ಹಾಕದೆ, ಮರ್ಯಾದೆಯಿಂದ ಒಂದೇ ಕಡೆ ನಿಧಾನ ತಿರುಗುತ್ತಿತ್ತು. ಅವನು ಖಾಕಿ ಅಂಗಿ ತೊಟ್ಟು ಹೊಸ್ತಿಲ ಮೇಲೆ ಆಗಲೇ ಕೂತಿದ್ದ. "ಅಪ್ಪಾ, ಬಲೆ ಮೂಟೆ ಒಂಚೂರು ಈಚೆ!" ಎಂದು ನಾನು ಕೂಗಿದೆ. ಮೂಟೆ ಸರಿಯಿತು, ನಮ್ಮ ಮನೆ ಸೊಂಟ ತಿರುಗಿಸಿತು, ಬಾಗಿಲು ಅವನ ಬಾಗಿಲ ಕಡೆಗೆ ಬಂತು. ನೀರು ಇಳಿಯತೊಡಗಿತು. ಬಚ್ಚಿ ಅತ್ತೆ ತಲೆ ಬಾಚಿಕೊಂಡಳು.

ಅಷ್ಟರಲ್ಲಿ ಬಾವಿಯ ಕಡೆಯಿಂದ ಸರಪಳಿ ಕಳಚಿದ ಶಬ್ದ ಬಂತು.

ಶೇಷಗಿರಪ್ಪ. ಹುಟ್ಟಿದಂದಿನಿಂದ ಅವರ ಮನೆ ಎದ್ದಲ್ಲೇ ಇಳಿದಿತ್ತು. ಪ್ರತಿ ವರ್ಷ ನಾವು ಕಿರುಚುತ್ತ, ನಗುತ್ತ ದಾಟಿ ಹೋಗುವುದನ್ನು ಅವರು ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು. ಗೋಡೆ ತಂದವರೂ ಅವರೇ. ಇನ್ನು ಜನ್ಮದಲ್ಲಿ ತೇಲುವಂತಿಲ್ಲ ಎಂಬುದು ಅವರಿಗೆ ಹೊಳೆದದ್ದು ಆ ಮಧ್ಯಾಹ್ನವೇ ಇರಬೇಕು. ಕೊಡಲಿ ತೆಗೆದುಕೊಂಡು ಸರಪಳಿ ಕಟ್ಟಿದ್ದ ಮರದ ಗೂಟ ಕಡಿದುಬಿಟ್ಟಿದ್ದರು. ಮಾಡಿನ ಹೆಂಚು ಗಡಗಡ ಎನ್ನುತ್ತ, ಬುಗುರಿಯ ಹಾಗೆ ಸುತ್ತುತ್ತ ಅವರ ಮನೆ ಬಂತು. ಜಗುಲಿಯ ಕಂಬ ತಬ್ಬಿಕೊಂಡು ಅವರು ಕೂಗುತ್ತಿದ್ದರು. "ಹೋಯ್! ತೇಲ್ತಿದ್ದೇನೆ! ಸರೀರಿ! ಸರೀಬೇಡಿ! ನೋಡಿ!" ಪಂಚೆ ಯಾವಾಗಲೋ ಹೋಗಿತ್ತು, ಪುಣ್ಯಕ್ಕೆ ಅಂಗಿ ಉದ್ದ ಇತ್ತು. ಅವರ ಮನೆಗೆ ತೇಲಿ ಅಭ್ಯಾಸ ಇಲ್ಲ. ಯಾವ ಮೂಲೆಯಲ್ಲಿ ಎಂತ ಇಡಬೇಕು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಸುತ್ತಿ ಸುತ್ತಿ ಬಂದು ಸರಿಯಾಗಿ ನಮಗೂ ಇನಾಸನಿಗೂ ನಡುವೆ ನಿಂತಿತು. ಮುಂಬಾಗಿಲು ಇನಾಸನ ಕಡೆಗೆ. ನಮ್ಮ ಕಡೆಗೆ ಅಡಿಗೆಮನೆಯ ಗೋಡೆ. ಸುಣ್ಣ ಹೊಡೆದ, ಒಂದು ಕಿಂಡಿಯೂ ಇಲ್ಲದ ಬೋಳು ಗೋಡೆ.

ಬಚ್ಚಿ ಅತ್ತೆ ಬಾಚಣಿಗೆ ಕೈಯಲ್ಲಿ ಹಿಡಿದೇ ಕೂತಿದ್ದಳು. ನೀರು ಮೊಣಕಾಲಿಗೆ ಇಳಿದಿತ್ತು. ಸುತ್ತಲಿನ ಮನೆಗಳು ಒಂದೊಂದಾಗಿ ದಪ್ ಎಂದು ಕೂರುತ್ತಿದ್ದವು. ನಗು ನಿಂತಿತ್ತು. ಶೇಷಗಿರಪ್ಪ ಜಗುಲಿಯ ತುದಿಯಿಂದ ನಮ್ಮ ಕಡೆಗೆ ಇಣುಕಿದರು, ಬೈಯಲು ಹೋದ ಅಪ್ಪ ಆ ಮುಖ ನೋಡಿ ಬೈಗುಳ ನುಂಗಿದ. ಆ ಮನುಷ್ಯನಿಗೆ ತಾನು ಎಂತ ಮಾಡಿದ್ದೇನೆ ಎಂದೇ ಗೊತ್ತಿರಲಿಲ್ಲ. "ಸುತ್ತು ಹೊಡೆದೆ ನೋಡಿದ್ಯಾ ಜಟ್ಟಪ್ಪ?" ಎಂದು ಅಪ್ಪನನ್ನೇ ಕೇಳಿದರು.

ಮಾತಾಡಿದವಳು ಅಜ್ಜಿ. "ಕಾವೇರಮ್ಮಾ!" ಎಂದು ಗೋಡೆಗೆ ಕೂಗಿದಳು. ಶೇಷಗಿರಪ್ಪನ ಹೆಂಡತಿ ಗೋಡೆಯ ಒಳಗಿನಿಂದ, "ಎಂತ ಮಾಸ್ತಿ?" ಎಂದಳು. ಅಷ್ಟು ಚೆನ್ನಾಗಿ ಕೇಳಿಸುವಷ್ಟು ತೆಳ್ಳಗಿತ್ತು ಗೋಡೆ.

"ನಿನ್ನ ಗೋಡೆ ನಮ್ಮ ಮದುವೆಗೆ ಅಡ್ಡ ನಿಂತಿದೆ. ನೆಲ ಮುಟ್ಟೂದ್ರೊಳಗೆ ಒಡೀಬೇಕು. ಆಮೇಲೆ ಒಡೆದರೆ ಲೆಕ್ಕಕ್ಕಿಲ್ಲ."

ಕಾವೇರಮ್ಮ ಕೇಳಿದಳು, "ಒಡೆದರೆ ಗಾಳಿ ಬರ್ತದಾ?"

"ಸಮುದ್ರದ್ದೇ ಬರ್ತದೆ."

"ಈ ಮನೆಗೆ ಬಂದಂದಿನಿಂದ ಅಡಿಗೆಮನೆಗೆ ಒಂದು ಕಿಟಕಿ ಇಡಿ ಅಂತ ಇವರಿಗೆ ಹೇಳ್ತಿದ್ದೇನೆ. ಹೊಗೆ ಕುಡಿದು ಕುಡಿದು ಕಣ್ಣು ಹೋಯ್ತು. ಲಂಗರಿನ ಮನೆಗೆ ಕಿಟಕಿ ಒಪ್ಪೂದಿಲ್ಲ ಅಂತಾರೆ. ಒಡೀಲಿಕ್ಕೆ ನನ್ನ ಹತ್ತಿರ ಎಂತ ಉಂಟು? ಸೌಟು!"

ಅಜ್ಜಿ ಒನಕೆಯನ್ನು ನನ್ನ ಕೈಗೆ ಕೊಟ್ಟಳು. ನಾನು ನೀರಿಗೆ ಹಾರಿ, ಗೋಡೆ ಸುತ್ತಿ, ಶೇಷಗಿರಪ್ಪನ ಜಗುಲಿ ಹತ್ತಿ, ಒಳಗೆ ಓಡಿದೆ. ಕಾವೇರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಒನಕೆ ಕಿತ್ತುಕೊಂಡು, "ಸರಿ ಆಚೆ" ಎಂದು ಹೊಡೆದಳು. ಮೊದಲ ಪೆಟ್ಟಿಗೆ ಸುಣ್ಣ, ಎರಡನೆಯದಕ್ಕೆ ಮುರಕಲ್ಲು, ಮೂರನೆಯದಕ್ಕೆ ಬೆಳಕು. ಶೇಷಗಿರಪ್ಪ ಬಾಗಿಲಲ್ಲಿ ಬಂದು ನಿಂತರು. "ಏ, ಏ, ಅದು ನಮ್ಮ ಅಜ್ಜ ಕಟ್ಟಿಸಿದ ಗೋಡೆ!" "ಸರಪಳಿ ನಿಮ್ಮ ಮುತ್ತಜ್ಜನದ್ದಲ್ವಾ? ಅದನ್ನು ಕಡಿಯುವಾಗ ನನ್ನನ್ನು ಕೇಳಿದಿರಾ?" ಎಂದು ಕಾವೇರಮ್ಮ ಮತ್ತೊಂದು ಕೊಟ್ಟಳು. ಆ ದಿನದ ಅಮಲಿನಲ್ಲಿ ಅವರು ತಾವೂ ಕೊಡಲಿ ತಂದರು. ಮನೆಯ ತಳ ಮರಳಿಗೆ ಉಜ್ಜಿ ಕಿರ್ ಎಂದಿತು. ಇನ್ನೂ ಅರ್ಧ ಗೋಡೆ ಇತ್ತು. ನಾನು ಬೆನ್ನು ಕೊಟ್ಟು ತಳ್ಳಿದೆ. ಗೋಡೆ ಹೊರಗೆ ಬಿತ್ತು, ಮನೆ ದಪ್ ಎಂದು ಕೂತಿತು. ಯಾವುದು ಮೊದಲು ಎಂದು ಇವತ್ತಿಗೂ ಊರಿನಲ್ಲಿ ಎರಡು ಪಕ್ಷ ಇದೆ. ನಾನು ಒಳಗಿದ್ದವಳು, ಹೇಳುತ್ತೇನೆ, ಗೋಡೆ ಮೊದಲು.

ಧೂಳು ಇಳಿಯಿತು. ಆ ಕಡೆ ನಮ್ಮ ಹೊಸ್ತಿಲ ಮೇಲೆ ಬಚ್ಚಿ ಅತ್ತೆ, ಕೈಯಲ್ಲಿ ಬಾಚಣಿಗೆ. ಈ ಕಡೆ ಅಡಿಗೆಮನೆ, ನಡುಮನೆ, ಜಗುಲಿ ದಾಟಿ ಇನಾಸನ ಹೊಸ್ತಿಲ ಮೇಲೆ ಇನಾಸ, ಖಾಕಿ ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹಾಕಿಕೊಂಡು. ಇಬ್ಬರ ನಡುವೆ ಒನಕೆ ಹಿಡಿದ ಕಾವೇರಮ್ಮ, ಪಂಚೆ ಇಲ್ಲದ ಶೇಷಗಿರಪ್ಪ, ನಾನು. ನಾವು ಮೂವರೂ ಪಕ್ಕದ ಗೋಡೆಗೆ ಒತ್ತಿ ನಿಂತೆವು. ಹೊರಗೆ ಊರೇ ನೆರೆದಿತ್ತು. ಇನಾಸ ಗುಂಡಿ ಬಿಚ್ಚಿ ಸರಿಮಾಡತೊಡಗಿದ. ನಾತಾಲ್ ಬಾಯಿ ಹಿಂದಿನಿಂದ, "ಕೇಳು ಮಾರಾಯಾ, ಹದಿನಾಲ್ಕು ವರ್ಷ ನನ್ನ ತಲೆ ತಿಂದದ್ದು ಇದಕ್ಕಾ?" ಎಂದು ಬೆನ್ನಿಗೆ ತಿವಿದಳು.

"ಇವತ್ತು ಎಂತ ಸಾರು?"

ಬಚ್ಚಿ ಅತ್ತೆ ಬೆಳಿಗ್ಗೆಯಿಂದ ಕಲ್ಲಿನ ಪಕ್ಕ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಬಂಗಡೆ ಎಂದರೆ ಮುಗಿಯುತ್ತಿತ್ತು.

"ಇವತ್ತು ಏನೂ ಇಲ್ಲ" ಎಂದಳು.

"ನಾಳೆ ನೋಡ್ತೇನೆ" ಎಂದ ಇನಾಸ, ಹದಿನಾಲ್ಕು ವರ್ಷದ ರೂಢಿಯಿಂದ. ಎಂದವನೇ ಗಾಬರಿಯಾಗಿ, "ಅಲ್ಲ, ಅಲ್ಲ, ಇವತ್ತೇ!" ಎಂದು ಕೂಗಿದ. ಊರು ನಕ್ಕ ಸದ್ದಿಗೆ ಶೇಷಗಿರಪ್ಪನ ಮಾಡಿನಿಂದ ಇನ್ನೊಂದು ಹೆಂಚು ಜಾರಿತು. ಏನೂ ಇಲ್ಲ ಎನ್ನುವುದು ಉತ್ತರವಾಗುತ್ತದೋ ಇಲ್ಲವೋ ಎಂದು ಯಾರೋ ತಕರಾರು ತೆಗೆದರು. "ಇಲ್ಲ ಅನ್ನೂದೂ ಸಾರೇ. ನಮ್ಮ ಮನೆಯಲ್ಲಿ ಎಷ್ಟು ದಿನ ಅದನ್ನೇ ಉಂಡಿದ್ದೇವೆ" ಎಂದಳು ಅಜ್ಜಿ. ತಕರಾರು ಅಲ್ಲಿಗೆ ಮುಗಿಯಿತು.

ಮದುವೆಯ ದಿಬ್ಬಣ ಶೇಷಗಿರಪ್ಪನ ಅಡಿಗೆಮನೆಯಿಂದ ಹೊಕ್ಕು ಜಗುಲಿಯಿಂದ ಹೊರಟಿತು. ಈಗಲೂ ಬಚ್ಚಿ ಅತ್ತೆ ಅಜ್ಜಿಗೆ ನೀರು ತರುವುದು ಆ ದಾರಿಯಲ್ಲೇ. ಇನಾಸ ಟಪಾಲು ಹಂಚುವುದೂ ಅದೇ ದಾರಿಯಲ್ಲಿ. ಕಾವೇರಮ್ಮ ಹಾದುಹೋಗುವವರ ಬಾಯಿಗೆಲ್ಲ ಉಪ್ಪು ಸರಿಯಾಗಿದೆಯಾ ಎಂದು ಒಂದೊಂದು ಸೌಟು ಸಾರು ಹಾಕುತ್ತಾಳೆ. ಶೇಷಗಿರಪ್ಪ ಅಲ್ಲಿ ಒಂದು ಬಾಗಿಲು ಇಡಿಸುತ್ತೇನೆ ಎನ್ನುತ್ತಲೇ ಇದ್ದಾರೆ. ಅವರು ಸುತ್ತಿದ ಸುತ್ತುಗಳು ಮಾತ್ರ ಹೇಳಿದಷ್ಟೂ ಹೆಚ್ಚುತ್ತಿವೆ.

ದೀಪಾವಳಿಗೆ ಬಂಡೆಗೋಡೆ ಮುಚ್ಚಿತು. ಮರುವರ್ಷದ ನೂಲಹುಣ್ಣಿಮೆಗೆ ನಾವು ರೂಢಿಯಿಂದ ಒಲೆ ಆರಿಸಿ, ಕೋಳಿಗಳನ್ನು ಅಟ್ಟಕ್ಕೆ ಏರಿಸಿ, ಪಡುವಣ ಮೂಲೆಯಲ್ಲಿ ಕೂತೆವು. ಮನೆ ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಅಮ್ಮ ಮತ್ತೆ ಒಲೆ ಹೊತ್ತಿಸಿದಳು.

ಕಳೆದುಹೋದದ್ದು ಒಟ್ಟು ಇಷ್ಟು: ಲಂಗರು ಒಂದು, ಗೋಡೆ ಒಂದು, ಶಾಲೆಯ ಗಂಟೆ ಒಂದು, ಪಂಚೆ ಒಂದು, ಕಾವೇರಮ್ಮ ವಾಪಸು ಕೊಡದ ಒನಕೆ ಒಂದು, ಕೋಳಿ ಎರಡು, ಮತ್ತು ವರ್ಷಕ್ಕೆ ಒಂದು ಮಧ್ಯಾಹ್ನ.